ಮೂರು ಬೆರಳು ಹಾಲು

"ಟೊಂಯ್!"

ಲ್ಯಾಪ್‌ಟಾಪಿನಿಂದ ಸದ್ದು ಬಂತು. ಪರದೆಯ ಮೇಲೆ ಹಾಲಿನ ಲೋಟದ ಸುತ್ತ ಒಂದು ಕೆಂಪು ವೃತ್ತ ಕುಣಿಯಿತು.

"ಇನ್ನೊಂದ್ಸಲ, ಇನ್ನೊಂದ್ಸಲ!" ಎಂದು ಎಕ್ಸ್‌ಪ್ರೆಸ್ ಹೊಟ್ಟೆ ಹಿಡಿದುಕೊಂಡು ನಕ್ಕ. ಪಿಟೀಲು ಮತ್ತೆ ಒತ್ತಿದಳು.

"ಟೊಂಯ್!"

ಪಿಟೀಲು ಎನ್ನುವುದು ಅವಳ ನಿಜವಾದ ಹೆಸರೇನಲ್ಲ. ಮಗುವಾಗಿದ್ದಾಗ ಅವಳು ಅತ್ತರೆ ಯಾರೋ ಪಿಟೀಲಿನ ತಂತಿ ಬಿಗಿ ಮಾಡುತ್ತಿರುವ ಹಾಗೆ ಕೇಳುತ್ತಿತ್ತಂತೆ. ಈಗ ಅವಳಿಗೆ ಹತ್ತು ವರ್ಷ. ಅಳು ಕಡಿಮೆಯಾಗಿದೆ, ಹೆಸರು ಮಾತ್ರ ಅಂಟಿಕೊಂಡುಬಿಟ್ಟಿದೆ. ಎಕ್ಸ್‌ಪ್ರೆಸ್ ಅವಳ ಕ್ಲಾಸಿನವನು. ದಿನವೂ ಬೆಲ್ ಹೊಡೆದು ಹತ್ತು ನಿಮಿಷವಾದ ಮೇಲೆ ಬರುವುದರಿಂದ ಅವನಿಗೆ ಆ ಬಿರುದು.

ಶಾಲೆಯ ಸಿನಿಮಾ ಕ್ಲಬ್ಬಿನ ಮಿಸ್ ಇಬ್ಬಿಬ್ಬರಿಗೆ ಒಂದು ಕೆಲಸ ಕೊಟ್ಟಿದ್ದರು. ಒಂದು ಹಳೆಯ ಸಿನಿಮಾ ನೋಡಬೇಕು. ಅದರಲ್ಲಿ ಒಂದೇ ಒಂದು ದೃಶ್ಯ ಆರಿಸಿಕೊಳ್ಳಬೇಕು. ಅದರಲ್ಲಿ ನಿಮಗೆ ಏನು ಕಾಣಿಸಿತು ಎನ್ನುವುದನ್ನು ಐದು ನಿಮಿಷದ ವಿಡಿಯೋ ಮಾಡಿ ತೋರಿಸಬೇಕು. ಸಿನಿಮಾದ ತುಣುಕುಗಳನ್ನು ಕತ್ತರಿಸಿ ಜೋಡಿಸುವುದು, ಮೇಲೆ ನಿಮ್ಮ ಮಾತು ಸೇರಿಸುವುದು, ಎಲ್ಲ ನೀವೇ. ಶನಿವಾರ ಬೆಳಗ್ಗೆ ಆಡಿಟೋರಿಯಂನಲ್ಲಿ ಎಲ್ಲರ ಮನೆಯವರ ಮುಂದೆ ಪ್ರದರ್ಶನ.

ಹಳೆಯ ಸಿನಿಮಾ ಎಂದ ಕೂಡಲೇ ಪಿಟೀಲು ಅಜ್ಜಿಯ ಹತ್ತಿರ ಓಡಿದ್ದಳು. ಅಜ್ಜಿ ಎಂದರೆ ಅಮ್ಮನ ಅಮ್ಮ. ಅವರು ಎದ್ದು, ಗುಂಡಿಗಳ ಡಬ್ಬಿಯ ಮುಚ್ಚಳ ತೆಗೆದು, ತಳದಿಂದ ಒಂದು ಪೆನ್‌ಡ್ರೈವ್ ಹುಡುಕಿ ಕೊಟ್ಟಿದ್ದರು.

"ಇದ್ರಲ್ಲಿ ಹಾಲಿನ ಸೀನ್ ಅಂತ ಬರುತ್ತೆ. ಅದನ್ನ ಸರಿಯಾಗಿ ನೋಡು."

ಆಮೇಲೆ ಶನಿವಾರದ ಬಸ್ಸು ಎಷ್ಟು ಗಂಟೆಗೆ ಎಂದು ಅಜ್ಜಿ ನಾಲ್ಕು ಸಲ ಕೇಳಿದ್ದರು. ಯಾವುದಕ್ಕೂ ಅಷ್ಟು ಸುಲಭವಾಗಿ ಮನೆ ಬಿಟ್ಟು ಹೊರಡುವವರಲ್ಲ ಅವರು.

ಪಿಟೀಲು ಹಾಲಿನ ಸೀನನ್ನು ಸರಿಯಾಗಿಯೇ ನೋಡಿದಳು. ಹತ್ತೊಂಬತ್ತು ಸಲ ನೋಡಿದಳು.

ಕತೆ ಸಣ್ಣದು. ಮಗಳು ಬೆಳಗ್ಗೆ ದೂರದ ಹಾಸ್ಟೆಲ್‌ಗೆ ಹೋಗಿದ್ದಾಳೆ. ಸಂಜೆ ತಾಯಿ ಅಡುಗೆಮನೆಯಲ್ಲಿ ಅಭ್ಯಾಸದಂತೆ ಗಾಜಿನ ಲೋಟಕ್ಕೆ ಹಾಲು ಸುರಿದು, "ಬಾರೇ, ಆರಿಹೋಗುತ್ತೆ" ಎಂದು ಕರೆಯುತ್ತಾಳೆ. ಕರೆದ ಮೇಲೆ ನೆನಪಾಗುತ್ತದೆ. ಮೇಜಿನ ಮುಂದೆ ಕುಳಿತು ಆ ಹಾಲನ್ನು ತಾನೇ ಕುಡಿಯುತ್ತಾಳೆ. ಅಷ್ಟೇ.

ಆದರೆ ಲೋಟ! ಮೊದಲನೇ ಶಾಟ್‌ನಲ್ಲಿ ಅದು ತುಂಬಿದೆ. ಎರಡನೆಯದು ತಾಯಿಯನ್ನು ಹತ್ತಿರದಿಂದ ತೋರಿಸುವ ಶಾಟ್. ಅದರಲ್ಲಿ ಅವಳು ಕುಡಿಯುತ್ತಾಳೆ, ಅರ್ಧಕ್ಕಿಂತ ಕಡಿಮೆ ಹಾಲು ಉಳಿಯುತ್ತದೆ. ಮೂರನೆಯದು ಕಿಟಕಿಯ ಕಡೆಯಿಂದ ತೆಗೆದದ್ದು. ಅದರಲ್ಲಿ ಲೋಟ ಮತ್ತೆ ಕಂಠದವರೆಗೆ ತುಂಬಿದೆ!

ಪಿಟೀಲಿಗೆ ನಿಧಿ ಸಿಕ್ಕಷ್ಟು ಖುಷಿಯಾಯಿತು. ಸಿನಿಮಾದವರ ತಪ್ಪನ್ನೇ ಹಿಡಿದುಬಿಟ್ಟಿದ್ದಳಲ್ಲ! ವಿಡಿಯೋಗೆ "ಮ್ಯಾಜಿಕ್ ಲೋಟ" ಎಂದು ಹೆಸರಿಟ್ಟಳು. ಎಕ್ಸ್‌ಪ್ರೆಸ್ ಕೆಂಪು ವೃತ್ತ ಬರೆದ, ಟೊಂಯ್ ಸದ್ದು ಹುಡುಕಿ ತಂದ. ಕೊನೆಯಲ್ಲಿ ಪಿಟೀಲಿನ ಧ್ವನಿ: "ಹಾಲು ಕುಡಿದಷ್ಟೂ ತುಂಬುತ್ತೆ! ಈ ಲೋಟ ನಮ್ಮನೆಗೂ ಬೇಕು. ಅಲ್ಲಾ, ಸಿನಿಮಾ ಮಾಡೋವಾಗ ಇದನ್ನ ನೋಡ್ಕೊಳ್ಳೋರು ಯಾರೂ ಇರ್ಲಿಲ್ವಾ? ಇದ್ರೆ, ನಿದ್ದೆ ಮಾಡ್ತಿದ್ರಾ?" ಅದರ ಹಿಂದೆಯೇ ಗೊರಕೆಯ ಸದ್ದು.

ಗುರುವಾರ ಸಂಜೆ ಎಕ್ಸ್‌ಪ್ರೆಸ್ ಮನೆಗೆ ಹೋದ ಮೇಲೆ ಅವಳು ಅಮ್ಮನನ್ನೂ ಅಜ್ಜಿಯನ್ನೂ ಕೂರಿಸಿ ವಿಡಿಯೋ ಹಾಕಿದಳು. ಅಮ್ಮ ಕೈಯಲ್ಲಿದ್ದ ಹೊಲಿಗೆ ಬದಿಗಿಟ್ಟು ಬಂದರು. ಅಜ್ಜಿ ಕೋಣೆಗೆ ಕಾಲಿಟ್ಟವರೇ ನಿಂತರು.

"ಈ ಸ್ಟೂಲ್ ಯಾರು ಸರಿಸಿದ್ದು? ಬೆಳಗ್ಗೆ ಗೋಡೆ ಹತ್ರ ಇತ್ತು."

"ಅಯ್ಯೋ ಅಜ್ಜಿ, ಒಂದು ಗೇಣು ಸರಿಸಿದ್ದಕ್ಕೂ ಕಂಡುಹಿಡೀತೀಯಲ್ಲ!"

ಅಜ್ಜಿ ಯಾವಾಗಲೂ ಹೀಗೆಯೇ. ಗಡಿಯಾರ ವಾಲಿದರೆ, ಚಮಚ ಬೇರೆ ಡಬ್ಬಿಗೆ ಬಿದ್ದರೆ, ಅಮ್ಮ ಕೂದಲಿನ ಪಿನ್ನನ್ನು ಬಲಗಡೆ ಬಿಟ್ಟು ಎಡಗಡೆ ಹಾಕಿದರೆ, ಅಜ್ಜಿಯ ಕಣ್ಣಿನಿಂದ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ವಿಡಿಯೋ ಶುರುವಾಯಿತು. ಮೊದಲ ಟೊಂಯ್‌ಗೆ ಅಮ್ಮ ನಕ್ಕರು. ಎರಡನೆಯದಕ್ಕೆ ಅರ್ಧ ನಕ್ಕು, ಅಜ್ಜಿಯ ಕಡೆ ನೋಡಿ ನಿಲ್ಲಿಸಿದರು. ಗೊರಕೆಯ ಸದ್ದು ಬಂದು ವಿಡಿಯೋ ಮುಗಿಯಿತು.

"ಹೇಗಿದೆ?" ಎಂದಳು ಪಿಟೀಲು.

ಅಜ್ಜಿ ಪರದೆಯ ಕಡೆಯೇ ನೋಡುತ್ತಾ, "ನಿದ್ದೆ ಮಾಡ್ತಿರ್ಲಿಲ್ಲ" ಎಂದರು.

ಆಮೇಲೆ ಎದ್ದು, ಸ್ಟೂಲನ್ನು ಗೋಡೆಯ ಹತ್ತಿರ ಸರಿಸಿ ತಮ್ಮ ಕೋಣೆಗೆ ಹೋದರು. ಒಳಗಿನಿಂದ ಧ್ವನಿ ಬಂತು: "ಶನಿವಾರ ನಾನು ಬರೋದು ಅನುಮಾನ ಕಣೇ. ಮಂಡಿ ನೋಯ್ತಿದೆ."

ಪಿಟೀಲಿಗೆ ತಲೆಬುಡ ಅರ್ಥವಾಗಲಿಲ್ಲ. "ನಾನೇನು ಮಾಡ್ದೆ ಅಮ್ಮ?"

"ಸಿನಿಮಾ ಶುರುವಲ್ಲಿ ಹೆಸರುಗಳು ಬರುತ್ತಲ್ಲ, ಓದಿದ್ಯಾ?"

"ಅದನ್ನೆಲ್ಲ ಯಾರು ಓದ್ತಾರೆ? ಸ್ಕಿಪ್ ಮಾಡ್ದೆ."

"ಈಗ ಓದು" ಎಂದು ಅಮ್ಮ ಹೊಲಿಗೆಗೆ ಹೋದರು.

ಪಿಟೀಲು ಸಿನಿಮಾದ ಮೊದಲಿಗೆ ಹೋದಳು. ದೊಡ್ಡ ಅಕ್ಷರದ ಹೆಸರುಗಳು ಬಂದವು, ಆಮೇಲೆ ಸಣ್ಣವು, ಆಮೇಲೆ ಇರುವೆ ಸಾಲಿನಂಥವು. ಆ ಇರುವೆಗಳ ನಡುವೆ "ಕಂಟಿನ್ಯೂಯಿಟಿ" ಎಂದಿತ್ತು. ಅದರ ಮುಂದೆ ಅಜ್ಜಿಯ ಹೆಸರಿತ್ತು.

ಗೊರಕೆಯ ಸದ್ದನ್ನು ಮೂರು ಸಲ ಜೋರು ಮಾಡಿದ್ದು ನೆನಪಾಗಿ ಅವಳ ಕಿವಿ ಬಿಸಿಯಾಯಿತು.

ಅವಳು ಕೋಣೆಗೆ ಹೋದಾಗ ಅಜ್ಜಿ ಹಾಸಿಗೆಯ ಮೇಲೆ ಕುಳಿತಿದ್ದರು, ಮಂಡಿಗೆ ಎಣ್ಣೆಯನ್ನೇನೂ ಹಚ್ಚುತ್ತಿರಲಿಲ್ಲ.

"ಅಜ್ಜಿ, ನೀನು ಸಿನಿಮಾದಲ್ಲಿ ಕೆಲ್ಸ ಮಾಡ್ತಿದ್ದೆ ಅಂತ ಹೇಳೇ ಇಲ್ವಲ್ಲ!"

"ಒಂದೇ ಸಿನಿಮಾ. ಅದನ್ನೇನು ಹೇಳೋದು?"

"ಕಂಟಿನ್ಯೂಯಿಟಿ ಅಂದ್ರೆ ಏನು ಮಾಡ್ಬೇಕು?"

ಅಜ್ಜಿ ದಿಂಬಿನ ಕಡೆಯ ಕಪಾಟು ತೆರೆದು ಒಂದು ನೋಟ್‌ಬುಕ್ ತೆಗೆದರು. ರಟ್ಟಿನ ಮೂಲೆಗಳು ಸವೆದು ದುಂಡಗಾಗಿದ್ದವು.

"ಒಂದೇ ಸೀನನ್ನ ತುಂಡು ತುಂಡಾಗಿ ತೆಗೀತಾರೆ ಪುಟ್ಟಾ. ಒಂದು ತುಂಡು ಬೆಳಗ್ಗೆ, ಇನ್ನೊಂದು ಊಟ ಆದ್ಮೇಲೆ. ಸಿನಿಮಾದಲ್ಲಿ ನೋಡೋವಾಗ ಎಲ್ಲಾ ಒಂದೇ ಸಲ ಆದ ಹಾಗೆ ಕಾಣ್ಬೇಕು. ಅದಕ್ಕೆ ಒಬ್ರು ಕೂತು ಎಲ್ಲ ಬರ್ಕೋಬೇಕು. ಕಿಟಕಿ ಎಷ್ಟು ತೆರೆದಿತ್ತು, ಯಾವ ಕೈಯಲ್ಲಿ ಲೋಟ ಇತ್ತು, ಹಾಲು ಎಷ್ಟಿತ್ತು. ನಾನು ಬೆರಳಲ್ಲಿ ಅಳೀತಿದ್ದೆ."

ಪಿಟೀಲು ಪುಟ ತಿರುಗಿಸಿದಳು. ದುಂಡು ಅಕ್ಷರಗಳು. *ಶಾಟ್ ಒಂದು. ಕಿಟಕಿ ಅರ್ಧ. ಎಡಗೈ. ಲೋಟ ತುಂಬಿದೆ. ಕುರ್ಚಿ ಮೇಜಿಗೆ ಒಂದು ಗೇಣು.* ಅದರ ಕೆಳಗೆ *ಶಾಟ್ ಎರಡು* ಎಂದಿತ್ತು. ಅದರ ಮುಂದೆ ಖಾಲಿ. ಬರೀ ಖಾಲಿ ಗೆರೆ.

"ಇಲ್ಲಿ ಏನೂ ಬರೆದಿಲ್ವಲ್ಲ ಅಜ್ಜಿ?"

"ಬರೀಲಿಲ್ಲ. ನನ್ನ ಕೆಲ್ಸ ಲೋಟ ನೋಡೋದು. ನಾನು ಆಯಮ್ಮನ ಮುಖ ನೋಡ್ತಾ ಕೂತ್ಬಿಟ್ಟೆ." ಅಜ್ಜಿ ಕನ್ನಡಕ ತೆಗೆದು ಒರೆಸಿಕೊಂಡರು. "ಎಂಥಾ ಆ್ಯಕ್ಟಿಂಗು ಅಂತೀಯ! ಕಣ್ಣು ತುಂಬ್ಕೊಂಡು ನಂಗೆ ಪುಸ್ತಕಾನೇ ಕಾಣಿಸ್ಲಿಲ್ಲ. ಊಟ ಆದ್ಮೇಲೆ ಡೈರೆಕ್ಟರ್ ಕೇಳಿದ್ರು, ಹಾಲು ಎಷ್ಟಿತ್ತಮ್ಮಾ ಅಂತ. ಗೊತ್ತಿಲ್ಲ ಅನ್ನೋಕೆ ಹೆದ್ರಿಕೆ. ತುಂಬಿತ್ತು ಸಾರ್ ಅಂದ್ಬಿಟ್ಟೆ."

"ಸುಳ್ಳು ಹೇಳಿದ್ಯಾ?"

"ಹೇಳ್ದೆ. ಅವ್ರು ಲೋಟ ತುಂಬಿಸಿ ಮುಂದಿನ ಶಾಟ್ ತೆಗೆದ್ರು. ಮಾರನೇ ದಿನ ಸೆಟ್ಟೇ ಬಿಚ್ಚಿಬಿಟ್ರು. ಆಮೇಲೆ ಥಿಯೇಟರ್‌ನಲ್ಲಿ ನೋಡ್ದಾಗ ಗೊತ್ತಾಯ್ತು, ಉಳಿದಿದ್ದು ಮೂರು ಬೆರಳು ಹಾಲು ಅಂತ. ಯಾರೂ ಬೈಲಿಲ್ಲ. ಮುಂದಿನ ಸಿನಿಮಾಕ್ಕೆ ಕರೀಲೂ ಇಲ್ಲ. ನಾನು ಲೈಬ್ರರಿ ಕೆಲ್ಸಕ್ಕೆ ಸೇರ್ಕೊಂಡೆ."

"ಮತ್ತೆ ನಂಗ್ಯಾಕೆ ಆ ಸೀನ್ ನೋಡು ಅಂದೆ?"

"ಚೆನ್ನಾಗಿದೆ, ಅದಕ್ಕೆ. ಯಾಕೆ, ಆ ಮುಖ ನೀನು ನೋಡ್ಲಿಲ್ವಾ?"

ಪಿಟೀಲು ಹತ್ತೊಂಬತ್ತು ಸಲ ನೋಡಿದ್ದಳು. ತಾಯಿಯ ಮುಖ ಹೇಗಿತ್ತು ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಅವಳು ಹೊರಗೆ ಬಂದು ಒಂದು ಚೂರು ಕಾಗದ ಹರಿದಳು. ಪರದೆಯಲ್ಲಿ ಲೋಟ ಇರುವ ಜಾಗಕ್ಕೆ ಅದನ್ನು ಅಂಟಿಸಿ, ಎರಡನೇ ಶಾಟ್ ಹಾಕಿದಳು.

ತಾಯಿ ಮೊದಲು ತನ್ನ ಮರೆವಿಗೆ ತಾನೇ ನಗುತ್ತಾಳೆ. ನಗು ತುಟಿಯ ಮೇಲೆ ಇರುವಾಗಲೇ ಕಣ್ಣು ಬಾಗಿಲ ಕಡೆ ಹೋಗುತ್ತದೆ. ಅಲ್ಲಿ ಯಾರೂ ಇಲ್ಲ. ಕಣ್ಣು ವಾಪಸ್ ಬರುತ್ತದೆ. ಆ ನಗುವನ್ನು ಈಗ ಏನು ಮಾಡಬೇಕೋ ತಿಳಿಯದೆ ಅವಳು ಹಾಲು ಕುಡಿಯತೊಡಗುತ್ತಾಳೆ. ಅಳು ಬಾರದಿರಲಿ ಎಂದು ಕುಡಿಯುತ್ತಿದ್ದಾಳೆ ಎಂದು ಪಿಟೀಲಿಗೆ ಯಾರೂ ಹೇಳಬೇಕಾಗಲಿಲ್ಲ.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಎಕ್ಸ್‌ಪ್ರೆಸ್ ಬಂದ. ಬಂದವನು ಕೂಗಾಡಿದ.

"ಏನೇ ಇದು! ಟೊಂಯ್ ಎಲ್ಲಾ ತೆಗೆದ್ಬಿಟ್ಯಾ? ಅದೇ ಕಣೇ ಸೂಪರ್ ಆಗಿದ್ದಿದ್ದು! ಎಲ್ಲಾರೂ ಬಿದ್ದು ಬಿದ್ದು ನಗ್ತಿದ್ರು!"

"ನೀನು ಬಂದು ಇದನ್ನ ನೋಡು ಮೊದ್ಲು."

ಅವಳು ಕಾಗದ ಅಂಟಿಸಿದ ಪರದೆಯನ್ನು ಅವನ ಕಡೆ ತಿರುಗಿಸಿದಳು. ಎಕ್ಸ್‌ಪ್ರೆಸ್ ನೋಡಿದ. ಮುಗಿದ ಮೇಲೆ ಮೂಗು ಉಜ್ಜಿಕೊಂಡು, "ಹ್ಞೂಂ... ಕೆಂಪು ವೃತ್ತ ನಾನೇ ತೆಗೀತೀನಿ ಬಿಡು, ನಾನೇ ಹಾಕಿದ್ದಲ್ವಾ" ಎಂದ.

ಇಬ್ಬರೂ ಕತ್ತರಿಸಿದರು, ಜೋಡಿಸಿದರು, ಮತ್ತೆ ಕತ್ತರಿಸಿದರು. ಗೊರಕೆ ಹೋಯಿತು. "ಮ್ಯಾಜಿಕ್ ಲೋಟ" ಎಂಬ ಹೆಸರೂ ಹೋಯಿತು. ಮೂರನೇ ಶಾಟ್ ಬಂದಾಗ ಪಿಟೀಲಿನ ಕೈ ನಿಂತಿತು. ಅವಳು ಎದ್ದು ಅಜ್ಜಿಯ ಕೋಣೆಗೆ ಹೋದಳು.

"ಅಜ್ಜಿ, ಲೋಟ ತುಂಬಿರೋ ಆ ಶಾಟ್ ತೆಗೆದ್ಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ಬೇಡ" ಎಂದರು ಅಜ್ಜಿ. "ಇದ್ದದ್ದು ಇದ್ದ ಹಾಗೆ ಹೇಳು. ಒಂದ್ಸಲ ಸುಳ್ಳು ಹೇಳಿಯೇ ಸಾಕಾಗಿದೆ. ನನ್ನ ಹೆಸ್ರು ಮಾತ್ರ ಹಾಕ್ಬೇಡ."

"ಮತ್ತೆ ನಾಳೆ..."

"ಮಂಡಿ ನೋಡೋಣ" ಎಂದರು ಅಜ್ಜಿ.

ಶನಿವಾರ ಬೆಳಗ್ಗೆ ಪಿಟೀಲು ಏನನ್ನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಬರುವುದಿಲ್ಲ ಎಂದುಬಿಡುತ್ತಾರೋ ಎಂಬ ಭಯ. ಶೂ ಲೇಸನ್ನು ಬಿಚ್ಚಿ ಬಿಚ್ಚಿ ಮೂರು ಸಲ ಕಟ್ಟಿದಳು. ಕೊನೆಗೆ ಬಾಗಿಲ ಹತ್ತಿರ ಚಪ್ಪಲಿಯ ಸದ್ದು ಕೇಳಿಸಿತು.

"ಎಷ್ಟು ಹೊತ್ತೇ ನಿಂದು? ಬಸ್ಸು ನಮಗೋಸ್ಕರ ಕಾಯುತ್ತಾ?" ಎಂದರು ಅಜ್ಜಿ.

ಆಡಿಟೋರಿಯಂ ತುಂಬಿತ್ತು. ಅಜ್ಜಿಯೂ ಅಮ್ಮನೂ ಎರಡನೇ ಸಾಲಿನಲ್ಲಿ ಕುಳಿತರು. ಮಿಸ್ ಒಂದು ನಿಯಮ ಮಾಡಿದ್ದರು: ತಮ್ಮ ತಮ್ಮ ವಿಡಿಯೋ ನಡೆಯುವಾಗ ಒಬ್ಬರು ಕಂಪ್ಯೂಟರ್ ಹತ್ತಿರ ಇರಬೇಕು, ಇನ್ನೊಬ್ಬರು ಗೋಡೆಯ ಸ್ವಿಚ್ ಹತ್ತಿರ. ವಿಡಿಯೋ ಮುಗಿದ ತಕ್ಷಣ ಲೈಟ್ ಹಾಕಬೇಕು, ಒಂದು ಸೆಕೆಂಡೂ ತಡವಾಗಬಾರದು. ಎಕ್ಸ್‌ಪ್ರೆಸ್‌ನನ್ನು ನಂಬಿ ಸ್ವಿಚ್ ಕೊಡುವ ಹಾಗಿರಲಿಲ್ಲವಾದ್ದರಿಂದ ಅಲ್ಲಿ ಪಿಟೀಲು ನಿಂತಳು.

ಕತ್ತಲಾಯಿತು. ದೊಡ್ಡ ಪರದೆಯ ಮೇಲೆ ಅಡುಗೆಮನೆ ಮೂಡಿತು. ಪಿಟೀಲಿನ ಧ್ವನಿ ಕೇಳಿಸಿತು:

"ಮೊದಲನೇ ಶಾಟ್‌ನಲ್ಲಿ ಲೋಟ ತುಂಬಿದೆ. ಎರಡನೇದ್ರಲ್ಲಿ ಮೂರು ಬೆರಳು ಹಾಲು ಉಳಿದಿದೆ. ಮೂರನೇದ್ರಲ್ಲಿ ನೋಡಿ, ಮತ್ತೆ ತುಂಬಿದೆ. ಇದು ತಪ್ಪು."

ಅಲ್ಲಲ್ಲಿ ನಗು ಕೇಳಿಸಿತು.

"ಶೂಟಿಂಗ್‌ನಲ್ಲಿ ಲೋಟ ನೋಡ್ಕೊಳ್ಳೋಕೆ ಒಬ್ರು ಇದ್ರು. ಅವ್ರು ಲೋಟ ನೋಡೋದು ಮರೆತು ಮುಖ ನೋಡ್ತಾ ಕೂತ್ರು. ನಾನು ಹತ್ತೊಂಬತ್ತು ಸಲ ಬರೀ ಲೋಟ ನೋಡ್ದೆ. ಈಗ ಎರಡನೇ ಶಾಟ್ ಇನ್ನೊಂದ್ಸಲ. ನಾನು ಮಧ್ಯೆ ಮಾತಾಡಲ್ಲ."

ತಾಯಿಯ ಮುಖ ಬಂತು. ಗೋಡೆಯಷ್ಟು ದೊಡ್ಡ ಮುಖ. ನಗು, ಬಾಗಿಲು, ವಾಪಸ್ ಬಂದ ಕಣ್ಣು. ಲ್ಯಾಪ್‌ಟಾಪಿನಲ್ಲಿ ಕಾಣದೇ ಇದ್ದ ಒಂದು ಸಂಗತಿ ಇಲ್ಲಿ ಕಂಡಿತು: ಕುಡಿಯುವ ಮೊದಲು ಅವಳ ಗಲ್ಲ ಸಣ್ಣಗೆ ನಡುಗುತ್ತದೆ. ಯಾರೋ ಕುರ್ಚಿ ಸರಿಸಲು ಹೋಗಿ ಸರಿಸದೆ ನಿಂತರು.

ಮುಖ ಮಾಯವಾಯಿತು. ಪರದೆ ಕಪ್ಪಾಯಿತು. ಆಡಿಟೋರಿಯಂ ಕಪ್ಪಾಯಿತು. ಹಾಗೆಯೇ ಕಪ್ಪಾಗಿಯೇ ಇತ್ತು.

"ಲೈಟ್!" ಎಂದು ಎಕ್ಸ್‌ಪ್ರೆಸ್ ಪಿಸುಗುಟ್ಟಿದ. "ಲೈಟ್ ಹಾಕೇ!"

"ಸ್ವಿಚ್ ಹತ್ರ ಯಾರಿದ್ದೀರಾ?" ಮಿಸ್‌ನ ಧ್ವನಿ ಕತ್ತಲಲ್ಲಿ ಗುಡುಗಿತು. "ಏನ್ರೀ, ನಿದ್ದೆ ಮಾಡ್ತಿದ್ದೀರಾ ಅಲ್ಲಿ?"

ಪಿಟೀಲು ಗೋಡೆ ತಡಕಾಡಿದಳು. ಕಣ್ಣು ಒದ್ದೆಯಾಗಿ ಸ್ವಿಚ್ಚಿನ ಕೆಂಪು ಚುಕ್ಕಿ ಎರಡೆರಡಾಗಿ ಕಾಣುತ್ತಿತ್ತು.

"ನಿದ್ದೆ ಮಾಡ್ತಿರ್ಲಿಲ್ಲ ಮಿಸ್" ಎಂದಳು.

ಎರಡನೇ ಸಾಲಿನಿಂದ ಕಿಸಕ್ಕನೆ ನಗು ಕೇಳಿಸಿತು. ಯಾರದೆಂದು ನೋಡಲು ಪಿಟೀಲಿಗೆ ಲೈಟ್ ಬೇಕಾಗಲಿಲ್ಲ.