ಬೆವರದ ಕುದುರೆ

ಕಾನ್ಸಸ್‌ನಲ್ಲಿ ಓರಿನ್ ಪೆಕಮ್‌ಗೆ ಎರಡು ಸಲ ಜಮೀನು ಕೈತಪ್ಪಿತ್ತು. ಎರಡು ಸಲವೂ ಇನ್ಯಾರೋ ಹತ್ತು ನಿಮಿಷ ಮೊದಲು ಬಂದು ಗೂಟ ಹೊಡೆದು ಕೂತಿದ್ದರು. ಈಗ ಒಕ್ಲಹೋಮದ ಸರದಿ. ಸೋಮವಾರ ನಡುಮಧ್ಯಾಹ್ನ ಕಹಳೆ ಊದಿದ ಮೇಲೆ ಎಲ್ಲರೂ ಗಡಿಯಿಂದ ಒಟ್ಟಿಗೆ ಓಡಬೇಕು, ಮೊದಲು ಗೂಟ ಹೊಡೆದವರಿಗೆ ನೂರ ಅರವತ್ತು ಎಕರೆ. ಕಹಳೆಗೆ ಮೊದಲೇ ಒಳಹೊಕ್ಕವನಿಗೆ ಒಂದು ಗೇಣೂ ಇಲ್ಲ ಎಂದು ಸರ್ಕಾರ ಸಾರಿತು. ಓರಿನ್‌ಗೆ ನಗು ಬಂತು. ಓಡುವುದು ಪೆದ್ದರ ಕೆಲಸ. ಅವನು ಮೂರು ದಿನ ಮೊದಲೇ ನುಸುಳಿ, ಹೊಳೆಯ ದಂಡೆಯ ಒಳ್ಳೆಯ ತುಂಡೊಂದನ್ನು ಆರಿಸಿ, ಪಕ್ಕದ ಕೊರಕಲಿನಲ್ಲಿ ಅಡಗಿ ಕೂತ.

ಇಂಥ ಕಳ್ಳರೆಲ್ಲ ಸಿಕ್ಕಿಬೀಳುವುದು ಕುದುರೆಯಿಂದ. ಹದಿನೈದು ಮೈಲಿ ಓಡಿಬಂದೆ ಎನ್ನುತ್ತಾರೆ, ಕುದುರೆ ನೋಡಿದರೆ ಆಗತಾನೇ ನಿದ್ದೆಯಿಂದ ಎದ್ದಂತಿರುತ್ತದೆ. ಓರಿನ್ ಅಷ್ಟು ದಡ್ಡನಲ್ಲ. ಸೋಪು ಕದಡಿ ನೊರೆ ಎಬ್ಬಿಸಿ ತನ್ನ ಹೆಣ್ಣುಕುದುರೆಯ ಕತ್ತಿಗೆ, ಎದೆಗೆ, ತೊಡೆಸಂದಿಗೆ ಬೆವರಿನ ನೊರೆಯಂತೆ ಬಳಿದ. ಅಂಗಿಯ ಬೆನ್ನು ಒದ್ದೆ ಮಾಡಿಕೊಂಡ. ಮುಖಕ್ಕೆ ಕೆಂಪು ಧೂಳು ತಿಕ್ಕಿಕೊಂಡ. ಒಳ್ಳೆಯ ಟೋಪಿಯನ್ನು ಹೊಳೆಗೆ ಬಿಟ್ಟ, ಗಾಳಿಗೆ ಹಾರಿಹೋಯಿತು ಎನ್ನಬಹುದಲ್ಲ. ತೀರಾ ಬೇಗ ಕಾಣಿಸಿಕೊಂಡರೆ ಅನುಮಾನವೆಂದು ಒಂದು ಗಂಟೆಯವರೆಗೆ ಕಾದು, ಆಮೇಲೆ ಹೊರಬಂದು ಗೂಟ ಹೊಡೆದ.

ಒಂದೂಕಾಲಿಗೆ ಡ್ರುಸಿಲಾ ಮ್ಯಾಬ್ರಿ ಎಂಬ ವಿಧವೆ, ಜೊತೆಗೆ ಅವಳ ತಮ್ಮ ಜೂಬಲ್, ಕುದುರೆ ಓಡಿಸಿಕೊಂಡು ಏದುಸಿರು ಬಿಡುತ್ತ ಬಂದರು.

"ಅಯ್ಯೋ, ಸ್ವಲ್ಪದರಲ್ಲಿ ಹೋಯ್ತಲ್ಲೋ ಜೂಬಲ್!" ಡ್ರುಸಿಲಾ ಗೂಟ ನೋಡಿ ಕೂತುಬಿಟ್ಟಳು. ಆಮೇಲೆ ಕುದುರೆಯ ಕಡೆ ತಿರುಗಿದಳು. "ಪಾಪ, ಏನ್ ಓಡ್ಸಿದೀಯಪ್ಪಾ ಇದನ್ನ!"

"ಏನ್ಮಾಡೋದಮ್ಮಾ, ಜೀವ ಕೈಯಲ್ಲಿ ಹಿಡ್ಕೊಂಡು ಬಂದ್ವಿ."

ಓರಿನ್‌ನ ಎದೆ ಉಬ್ಬಿತು. ಜನ್ಮದಲ್ಲಿ ಮೊದಲ ಸಲ ಅವನು ಜಮೀನಿನ ಯಜಮಾನ. ಬಯಲುಸೀಮೆಯ ಯಜಮಾನ ಬಾಗಿಲಿಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುತ್ತಾನೆಯೇ? ಬಾಗಿಲು ಇನ್ನೂ ಇರಲಿಲ್ಲ, ಅಷ್ಟೇ.

"ಹಾಗೇ ಹೋಗ್ಬೇಡಿ. ಬಂದ ತಕ್ಷಣ ಒಲೆ ಹಚ್ಚಿದೆ. ಒಂದು ತುತ್ತು ತಿನ್ಕೊಂಡು ಹೋಗಿ," ಎಂದು ಕೊರಕಲಿಗಿಳಿದು ಕಬ್ಬಿಣದ ಪಾತ್ರೆ ಎತ್ತಿ ತಂದ. ಹಂದಿಮಾಂಸ ಹಾಕಿದ ಬೀನ್ಸ್ ಕಾಳು, ಘಮಘಮ.

ಡ್ರುಸಿಲಾ ಒಂದು ಚಮಚ ತಿಂದಳು. ಇನ್ನೊಂದು ತಿಂದಳು. ಒಂದು ಕಾಳನ್ನು ಬೆರಳಲ್ಲಿ ಹಿಸುಕಿ ನೋಡಿದಳು; ಬೆಣ್ಣೆಯಂತೆ ಮೆತ್ತಗಾಯಿತು. "ಹನ್ನೊಂದು ವರ್ಷ ಊಟದ ಹೋಟ್ಲಲ್ಲಿ ಇದನ್ನೇ ಬೇಯಿಸಿದೀನಪ್ಪಾ," ಎಂದಳು, ತುಂಬ ಪ್ರೀತಿಯಿಂದ. "ರಾತ್ರಿಯೆಲ್ಲಾ ನೆನೆಹಾಕಿ, ಬೆಳಿಗ್ಗೆ ಮೂರು ಗಂಟೆ ಹೊತ್ತು ಬೇಯಿಸದೇ ಇದ್ರೆ ಈ ಕಾಳು ಹೀಗೆ ಆಗೋದೇ ಇಲ್ಲ. ಜೂಬಲ್, ನಮ್ ಗೂಟ ತಗೊಂಡ್ ಬಾರೋ. ಸುತ್ತಿಗೆ ಇವ್ರ ಹತ್ರಾನೇ ಇದೆ."