ಮಂಜುಗಣ್ಣನಿಗೆ ಹೊದಿಸಿದ ಕೌದಿ

ಬಹಳ ಹಿಂದೆ, ಮೋಡಗಳು ಗುಡ್ಡದ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಮುಗಿಲೂರು ಎಂಬ ರಾಜ್ಯವಿತ್ತು. ಅದನ್ನು ಇಂದುಶೇಖರನೆಂಬ ಎಳೆಯ ರಾಜ ಆಳುತ್ತಿದ್ದ. ಒಳ್ಳೆಯವನು. ಆದರೆ ಪ್ರೀತಿ ಉಕ್ಕಿ ಬಂದಾಗ ಅವನ ಬುದ್ಧಿ ಸ್ವಲ್ಪ ಹಿಂದೆ ಬೀಳುತ್ತಿತ್ತು. ಹೇಮಾಂಬೆಯೊಡನೆ ಮದುವೆ ಗೊತ್ತಾದದ್ದೇ ತಡ, "ನನ್ನ ಹೇಮಿ ಕಾಲಿಡೂ ಮನ್ಯಾಗ ಹಳೇದೊಂದು ಕಡ್ಡೀನೂ ಇರಬಾರ್ದು" ಎಂದು ಅಪ್ಪಣೆ ಮಾಡಿದ. ಅಜ್ಜನ ಮಂಚ, ಸವೆದ ಮಣೆ, ಅಪ್ಪನ ಧೋತರ, ಸತ್ತುಹೋದ ಅವ್ವನ ಸೀರೆ ಎಲ್ಲವನ್ನೂ ಊರವರಿಗೆ ಹಂಚಿಬಿಟ್ಟ. ಗೋಡೆಗೆ ಕನ್ನಡಿ ಬಂತು, ನೆಲಕ್ಕೆ ಹಾಲಿನಂಥ ಬಿಳಿಗಲ್ಲು ಬಂತು, ಕಿಟಕಿಗೆ ಬೆಳ್ಳಿಯ ಜಾಲರಿ ಬಂತು. ನೋಡಲು ಬಲು ಚಂದ. ಕೂತರೆ ಮಾತ್ರ ಬೆನ್ನು ಜುಂ ಎನ್ನುತ್ತಿತ್ತು.

ಆ ಅರಮನೆಯಲ್ಲಿ ಹಳೆಯದೆಂದು ಉಳಿದದ್ದು ರಾಜನ ಸೋದರತ್ತೆ ಸಾವಂತ್ರೆವ್ವ ಒಬ್ಬಳೇ. "ನನ್ನೂ ಯಾರಿಗರೆ ಕೊಟ್ಟು ಬಿಡೋ ಇಂದೂ, ಹಲ್ಲು ಬಿದ್ದಾವ, ಹೊಳಪಿಲ್ಲ" ಎಂದು ಮುನಿಸಿಕೊಂಡು ಅಡುಗೆಮನೆಯ ಮೂಲೆ ಹಿಡಿದಳು.

ಹೇಮಾಂಬೆ ಮದುವೆಯಾಗಿ ಬಂದಳು. ರಾಜ ಅವಳ ಕೈ ಹಿಡಿದು ಕೋಣೆ ಕೋಣೆ ತೋರಿಸಿದ. "ಹೆಂಗೈತಿ?" ಎಂದು ಕೇಳುವಾಗ ಅವನ ಮುಖ ಎಷ್ಟು ಅರಳಿತ್ತೆಂದರೆ, ಹೇಮಾಂಬೆಗೆ ನಿಜ ಹೇಳಲು ಬಾಯಿ ಬರಲಿಲ್ಲ. "ಚಂದ ಐತ್ರಿ" ಎಂದಳು. ಸೀರೆಯ ಅಂಚಿನೊಳಗೆ ಕಾಲ್ಬೆರಳು ಮಡಚಿಕೊಂಡಳು.

ಅಷ್ಟರಲ್ಲಿ ಬಾಗಿಲು ತಾನಾಗಿ ತೆರೆಯಿತು. ಉತ್ತರದ ಮಾಂತ್ರಿಕ ಮಂಜುಗಣ್ಣ ಒಳಗೆ ಬಂದ. ಅವನ ಕಣ್ಣಲ್ಲಿ ಪಾಪೆ ಇರಲಿಲ್ಲ, ಮಂಜಿತ್ತು. ಹರಿದ ಕರಿ ನಿಲುವಂಗಿ ನೆಲ ಗುಡಿಸುತ್ತಿತ್ತು.

"ಯಾರ ಗುರುತೂ ಇಲ್ಲದ ಮನೆ ನನ್ನದು. ಜಗತ್ತು ಹುಟ್ಟಿದಾಗಿನಿಂದ ಬಂದ ನೇಮವಿದು. ಈ ಅರಮನೆಯಲ್ಲಿ ಯಾರೂ ಬಾಳಿದ ಗುರುತಿಲ್ಲ. ಹೊರಡಿ" ಎಂದ.

ರಾಜ ಕತ್ತಿ ಹಿರಿದ. ಮಂಜುಗಣ್ಣ ಒಮ್ಮೆ ನೋಡಿದ, ಅಷ್ಟೇ. ಎತ್ತಿದ ಕೈ ಎತ್ತಿದಂತೆಯೇ ಇಂದುಶೇಖರ ಹಿಮದ ಬೊಂಬೆಯಾಗಿ ನಿಂತ.

ಹೇಮಾಂಬೆ ಗಂಡನ ಕಾಲು ತಬ್ಬಿ ಕೂಗಾಡಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಎದ್ದು ನಿಂತಳು. "ಇದು ನನ್ನ ಮನಿ. ಹೌದೋ ಅಲ್ಲೋ ಪರೀಕ್ಷಾ ಮಾಡು" ಎಂದಳು.

ಮಂಜುಗಣ್ಣನಿಗೆ ನಗು ಬಂತು. "ಸರಿ. ಬೇಸಿಗೆಗೊಬ್ಬ, ಮಳೆಗಾಲಕ್ಕೊಬ್ಬ, ಚಳಿಗಾಲಕ್ಕೊಬ್ಬ ಅತಿಥಿ ಬರುತ್ತಾನೆ. ಬೆಳಿಗ್ಗೆ ಬಂದವನು ಸಂಜೆ ದೀಪ ಹಚ್ಚುವತನಕ ಎದ್ದು ಹೋಗಬಾರದು. ಮೂವರೂ ಕೂತರೆ ನಿನ್ನ ಗಂಡ ನಿನಗೆ. ಒಬ್ಬ ಎದ್ದು ಹೋದರೂ ಇವನು ಎಂದೆಂದಿಗೂ ಹಿಮ, ಮನೆ ನನ್ನದು."

ಬೇಸಿಗೆ ಬಂತು. ಕನ್ನಡಿಗಳು ಬಿಸಿಲನ್ನು ಒಂದರಿಂದೊಂದಕ್ಕೆ ಎಸೆದಾಡಿ ಅರಮನೆಯನ್ನು ಕಾದ ಬಾಣಲೆ ಮಾಡಿದವು. ಹಿಮದ ರಾಜ ಮಾತ್ರ ಒಂದು ಹನಿಯೂ ಕರಗಲಿಲ್ಲ. ಹೇಮಾಂಬೆ ಕನ್ನಡಿಗಳನ್ನು ತೆಗೆಸಿದಳು. ಸೆರಗು ಸಿಕ್ಕಿಸಿ ಬಿಳಿಗಲ್ಲಿನ ಮೇಲೆ ಸೆಗಣಿ ಸಾರಿಸಿದಳು. ಬಾಗಿಲಿಗೆ ಲಾವಂಚದ ಪರದೆ ಕಟ್ಟಿ ನೀರು ಚಿಮುಕಿಸಿದಳು. ಮೂಲೆಯಲ್ಲಿ ಮರಳು ಹಾಸಿ ಮಣ್ಣಿನ ಗಡಿಗೆ ಇಟ್ಟಳು. ಸಾವಂತ್ರೆವ್ವ ಅಡುಗೆಮನೆಯಿಂದ ಇಣುಕಿ, "ಅರಸರ ಹಜಾರಕ್ಕ ಸೆಗಣಿ! ನೀ ನನ್ನ ಸೊಸಿನ ಬಿಡವಾ" ಎಂದು ಮುನಿಸು ಮರೆತು ಹೊರಗೆ ಬಂದಳು.

ಅತಿಥಿಯಾಗಿ ಬಂದದ್ದು ಒಂದು ಸಿಂಹ. ಅದರ ಕೇಸರದಲ್ಲಿ ಬೆಂಕಿ ಉರಿಯುತ್ತಿತ್ತು. ಗರ್ಜಿಸುತ್ತ ಒಳಗೆ ಬಂತು, ಲಾವಂಚದ ಗಾಳಿ ಮೂಗಿಗೆ ಬಡಿದದ್ದೇ ಗರ್ಜನೆ ಅರ್ಧಕ್ಕೆ ನಿಂತಿತು. ಗಡಿಗೆಯ ನೀರು ಕುಡಿಯಿತು. ಸಾರಿಸಿದ ನೆಲಕ್ಕೆ ಹೊಟ್ಟೆ ಹಚ್ಚಿ ಬೆಕ್ಕಿನಂತೆ ಮಲಗಿತು. ದೀಪ ಹಚ್ಚಿದ ಮೇಲೂ ಏಳಲೊಲ್ಲದು, ಸಾವಂತ್ರೆವ್ವ ಪೊರಕೆ ತೋರಿಸಿ ಎಬ್ಬಿಸಬೇಕಾಯಿತು. ಅದು ಹೋದ ಗಳಿಗೆಗೆ ರಾಜನ ಕಾಲಿನ ಹಿಮ ಕರಗಿತು.

ಮಳೆಗಾಲ ಬಂತು. ಹೇಮಾಂಬೆ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಸುಣ್ಣದಿಂದ ಬಳ್ಳಿ, ನವಿಲು, ಎತ್ತಿನ ಬಂಡಿ ಬರೆದಳು. ಗೋಡೆಯ ಗೂಡುಗಳಲ್ಲಿ ಹಣತೆ ಇಟ್ಟಳು. ನೆಲಕ್ಕೆ ಕಂಬಳಿ ಹಾಸಿದಳು, ಮಧ್ಯೆ ಕೆಂಡದ ಅಗ್ಗಿಷ್ಟಿಕೆ, ಅದರಲ್ಲೊಂದು ಚಿಟಿಕೆ ಲೋಬಾನದ ಧೂಪ. ದಿನವೂ ಗಂಡನ ಹಿಮದ ಕೆನ್ನೆ ಒರೆಸುತ್ತ, "ಇವತ್ತು ನವಿಲಿನ ಕಾಲು ಸೊಟ್ಟ ಬಂತ್ರಿ, ನೀವು ನಗಬ್ಯಾಡ್ರಿ" ಎಂದು ಮಾತಾಡುತ್ತಿದ್ದಳು. ಅವನು ನಗಲಿ ಎಂದೇ ಅವಳ ಆಸೆ.

ಈ ಸಲ ಬಂದದ್ದು ಕರಡಿ. ಅದರ ಮೈಕೂದಲಿನಿಂದ ಮಳೆ ನಿಲ್ಲದೆ ಸುರಿಯುತ್ತಿತ್ತು. ಕೂತಲ್ಲೆಲ್ಲ ಕೆರೆಯಾಗಿ, ನಾಚಿಕೊಂಡು ಎದ್ದು ಬಾಗಿಲ ಕಡೆ ಹೊರಟಿತು. ಸಾವಂತ್ರೆವ್ವ ಅದರ ಕೈ ಹಿಡಿದೆಳೆದು, "ನೆಲ ಒರಸಿದ್ರ ಒಣಗತೈತಿ, ನೀ ಕೂಡು ತಮ್ಮಾ" ಎಂದು ಹುರಿದ ಶೇಂಗಾ ಮುಂದಿಟ್ಟಳು. ಕರಡಿ ಕೂತಿತು. ಕೆಂಡದ ಕಾವಿಗೆ ಮೈಮೇಲಿನ ಮಳೆ ತುಂತುರಾಯಿತು, ತುಂತುರು ನಿಂತಿತು. ದೀಪದ ಹೊತ್ತಿಗೆ ಅದು ಗೋಡೆಯ ನವಿಲನ್ನು ನೋಡುತ್ತ ತೂಕಡಿಸುತ್ತಿತ್ತು. ರಾಜನ ಎದೆಯತನಕ ಹಿಮ ಕರಗಿತು.

ಇನ್ನು ಉಳಿದದ್ದು ಚಳಿಗಾಲ. ಮೂರನೆಯ ಅತಿಥಿ ತಾನೇ ಎಂದು ಮಂಜುಗಣ್ಣ ಹೇಳಿ ಕಳಿಸಿದ. ಹೇಮಾಂಬೆ ಉಣ್ಣೆ, ರತ್ನಗಂಬಳಿ, ಹತ್ತಿಯ ಹಾಸಿಗೆ ಎಲ್ಲ ತರಿಸಿದಳು. ಸಾವಂತ್ರೆವ್ವ ತಲೆ ಅಲ್ಲಾಡಿಸಿದಳು.

"ಅಂವ ಬಂದ್ರ ಕೆಂಡ ಆರತೈತಿ, ಉಣ್ಣಿ ಗಡ್ಡಿ ಕಟ್ಟತೈತಿ. ಅಂವಗ ಕೌದಿ ಬೇಕು. ಉಟ್ಟು ಬಿಟ್ಟ ಬಟ್ಟಿ ಕೂಡಿಸಿ ಹೊಲಿದ ಕೌದಿ. ಉಟ್ಟವರ ಬಿಸಿ ಅದರಾಗ ಇರತೈತಿ."

"ಹಳೇ ಬಟ್ಟಿ ಎಲ್ಲಿ ಉಳದಾವ್ರಿ ಅತ್ತಿ?"

"ನಿನ್ನ ಗಂಡ ಹಂಚ್ಯಾನಲ್ಲ. ಹೋಗಿ ಬೇಡು."

ರಾಣಿ ಮನೆಮನೆಗೆ ಹೋದಳು. ರಾಜನ ಅಪ್ಪನ ಧೋತರ ಒಂದು ಮನೆಯಲ್ಲಿ ಕೂಸಿನ ಜೋಳಿಗೆಯಾಗಿತ್ತು. ಅವ್ವನ ಸೀರೆ ಇನ್ನೊಂದು ಮನೆಯಲ್ಲಿ ಬಾಣಂತಿಯ ತಲೆಗೆ ಕಟ್ಟುವ ಬಟ್ಟೆಯಾಗಿತ್ತು. "ಪೂರಾ ಬ್ಯಾಡವಾ, ಒಂದು ತುಣುಕು ಸಾಕು" ಎಂದಳು ಹೇಮಾಂಬೆ. ಯಾರೂ ಇಲ್ಲವೆನ್ನಲಿಲ್ಲ. ತಮ್ಮದೂ ಒಂದೊಂದು ತುಣುಕು ಸೇರಿಸಿ ಕೊಟ್ಟರು. ಹೆಂಗಸರು ಸೂಜಿ ಹಿಡಿದು ಅರಮನೆಗೆ ಬಂದು ಸುತ್ತ ಕೂತು ಹೊಲಿದರು. ಆದರೂ ಮಂಜುಗಣ್ಣ ಬಂದ ಬೆಳಿಗ್ಗೆ ಕೌದಿಯ ಒಂದು ಮೂಲೆ ಇನ್ನೂ ಬಾಯಿ ಬಿಟ್ಟುಕೊಂಡೇ ಇತ್ತು.

ಅವನು ಕೂತದ್ದೇ ಕೆಂಡ ಆರಿತು, ಹಣತೆಗಳು ನಂದಿದವು. ಹೆಂಗಸರು ಹೆದರಿ ಹಿಂದೆ ಸರಿದರು. ಹೇಮಾಂಬೆ ಕೌದಿಯನ್ನು ಅವನ ಮೊಣಕಾಲ ಮೇಲೆ ಹಾಸಿ, ಇತ್ತಕಡೆಯ ಅಂಚನ್ನು ಹೊಲಿಯುತ್ತ ಕೂತಳು. ಅವನು ಏಳಲೆಂದು ಅಂಚು ಸರಿಸಿದ, ಸರಿಸುವಾಗ ಒಂದು ಹಳದಿ ತುಣುಕು ಕಣ್ಣಿಗೆ ಬಿತ್ತು.

"ಇದು ಯಾರದು?" ಎಂದ.

"ನಮ್ಮ ಇಂದೂನ ಕುಲಾವಿ. ಇದನ್ನ ಹಾಕ್ಕೊಂಡು ನನ್ನ ಮಡಿಲಾಗ ಎಷ್ಟು ಸಲ ಉಚ್ಚಿ ಹೊಯ್ದಾನೋ" ಎಂದಳು ಸಾವಂತ್ರೆವ್ವ.

"ಇದು?"

"ನಮ್ಮಣ್ಣನ ರುಮಾಲು. ಅದು ಕುಂಬಾರ ನೀಲವ್ವನ ಕುಪ್ಪಸ. ಅದರ ಬಾಜೂಕಿಂದು ನನ್ನ ಗಂಡನ ಅಂಗಿ. ಅಂವ ಹೋಗಿ ಭಾಳ ದಿನ ಆತು, ಆ ಅಂಗಿ ಮಾತ್ರ ಇವತ್ತಿಗೂ ನನಗ ಬೆಚ್ಚಗ ಅನಸತೈತಿ."

ಮಂಜುಗಣ್ಣ ಒಂದೊಂದನ್ನೇ ಮುಟ್ಟಿ ಕೇಳಿದ. ಸಾವಂತ್ರೆವ್ವ ಒಂದೊಂದಕ್ಕೂ ಹೇಳಿದಳು. ಹೊತ್ತು ಇಳಿಯುತ್ತ ಬಂತು. ಕೊನೆಗೆ ತುಣುಕುಗಳು ಮುಗಿದವು. ಅವನು ಇನ್ನೂ ಗಡಗಡ ನಡುಗುತ್ತಿದ್ದ.

"ಇದರಲ್ಲಿ ಊರಿಗೆ ಊರೇ ಇದೆ. ನನಗೇನು?" ಎಂದು ಕೌದಿ ಸರಿಸಿ ಎದ್ದು ಬಾಗಿಲ ಕಡೆ ಹೊರಟೇ ಬಿಟ್ಟ.

ಹೇಮಾಂಬೆಗೆ ದುಃಖ ಉಮ್ಮಳಿಸಿತು. ಮಸುಕಾದ ಕಣ್ಣಿಗೆ ಕಂಡದ್ದು ನೆಲ ಗುಡಿಸುತ್ತಿದ್ದ ಆ ಹರಕು ನಿಲುವಂಗಿಯ ಅಂಚು, ಮತ್ತು ಕೌದಿಯ ಆ ಬರಿದಾದ ಮೂಲೆ. ಕೇಳದೆ, ಹೇಳದೆ, ಕತ್ತರಿ ಹಾಕಿ ಅಂಚಿನಿಂದ ಒಂದು ತುಣುಕು ಕತ್ತರಿಸಿಕೊಂಡಳು. ಮಂಜುಗಣ್ಣ ಹೊಸ್ತಿಲಲ್ಲೇ ನಿಂತು ತಿರುಗಿ ನೋಡಿದ.

"ಅಯ್ಯ, ಮಾಂತ್ರಿಕನ ಅಂಗಿಗೆ ಕತ್ತರಿ ಹಾಕಿದಿ!" ಎಂದು ಸಾವಂತ್ರೆವ್ವ ಬಾಯಿಗೆ ಕೈಯಿಟ್ಟಳು.

"ಮನಿಗೆ ಬಂದವರದು ಒಂದು ತುಣುಕಾದರೂ ಇರಬೇಕಲ್ರಿ ಅತ್ತಿ. ರೊಟ್ಟಿ ಕೊಡ್ರಿ."

ಮುಗಿಲೂರಿನಲ್ಲಿ ಕೌದಿಯ ಕಡೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ ಇಡುತ್ತಿದ್ದರು. ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲ ಎಂದು ಅವರ ನಂಬಿಕೆ. ಹೇಮಾಂಬೆ ರೊಟ್ಟಿಯ ಚೂರಿಟ್ಟು, ಕರಿಯ ತುಣುಕು ಮೇಲಿಟ್ಟು, ಹೊಲಿದು ಗಂಟು ಹಾಕಿದಳು. ಕೌದಿ ಎತ್ತಿ ಅವನ ಹೆಗಲಿಗೆ ಹೊದಿಸಿದಳು.

ಮಂಜುಗಣ್ಣ ಬಾಗಿಲ ಹೊಸ್ತಿಲಲ್ಲಿ ನಿಂತವನು ನಿಂತೇ ಇದ್ದ. ನಡುಕ ನಿಂತಿತು. ಕಣ್ಣಿನ ಮಂಜು ನೀರಾಗಿ ಗಡ್ಡಕ್ಕೆ ಇಳಿಯಿತು, ಒಳಗಿಂದ ಎರಡು ಕಂದು ಕಣ್ಣು ಕಾಣಿಸಿದವು. ಮೆಲ್ಲಗೆ ಹಿಂದಿರುಗಿ ಬಂದು ಕೂತ. "ಇನ್ನೊಂಚೂರು ಕೂಡಲ್ಯಾ?" ಎಂದ.

ಹೇಮಾಂಬೆ ಓಡಿಹೋಗಿ ದೀಪ ಹಚ್ಚಿದಳು.

ಹಿಂದಿನಿಂದ ಸೀನಿದ ಸದ್ದಾಯಿತು. ಎತ್ತಿದ ಕೈ ಇಳಿಸಿ ಇಂದುಶೇಖರ ಸುತ್ತ ನೋಡುತ್ತಿದ್ದ. ಸೆಗಣಿ ನೆಲ, ಕೆಮ್ಮಣ್ಣಿನ ಗೋಡೆ, ಕಾಲು ಸೊಟ್ಟಗಿದ್ದ ನವಿಲು. "ನನ್ನ ಕನ್ನಡಿ ಎಲ್ಲಿ?" ಎಂದ. ಸಾವಂತ್ರೆವ್ವ ಅವನ ಕಿವಿ ಹಿಂಡಿ, ಹಿಂಡಿದ ಕೈಯಿಂದಲೇ ತಬ್ಬಿಕೊಂಡು ಗೊಳೋ ಎಂದು ಅತ್ತಳು. ಹೇಮಾಂಬೆ ಅವನ ಕೆನ್ನೆ ಮುಟ್ಟಿ ನೋಡಿದಳು. ಬಿಸಿಯಿತ್ತು.

ಮಂಜುಗಣ್ಣನ ಮಾಯೆಯೆಲ್ಲ ಆ ಕಣ್ಣೀರಿನೊಡನೆಯೇ ಹೋಯಿತು, ಅವನಿಗದರ ಚಿಂತೆಯೂ ಆಗಲಿಲ್ಲ. ಅವನು ಅಲ್ಲೇ ಉಳಿದ. ಮುಂದೆ ಅರಮನೆಯಲ್ಲಿ ಮಕ್ಕಳು ಹುಟ್ಟಿದವು, ಸಿಂಹ ಬೇಸಿಗೆಗೂ ಕರಡಿ ಮಳೆಗಾಲಕ್ಕೂ ನೆಂಟರಂತೆ ಬಂದು ಹೋದವು, ಮುಗಿಲೂರಿನ ಜನ ಬಿಸಿಲಲ್ಲಿ ತಂಪಾಗಿ, ಚಳಿಯಲ್ಲಿ ಬೆಚ್ಚಗೆ ಬಹುಕಾಲ ಬಾಳಿದರು. ಚಳಿಗಾಲದ ಸಂಜೆ ಮಕ್ಕಳು ಕೌದಿಯೊಳಗೆ ನುಸುಳಿ ಕರಿಯ ತುಣುಕಿನ ಮೇಲೆ ಬೆರಳಿಟ್ಟು ಕೇಳುತ್ತಿದ್ದವು, "ಇದು ಯಾರದಬೇ?"

ಸಾವಂತ್ರೆವ್ವ ಬಾಯಿ ತೆರೆಯುವುದರೊಳಗೆ ಮುದುಕ ಮಂಜುಗಣ್ಣ ಮುಂದೆ ಬಾಗಿ ಹೇಳುತ್ತಿದ್ದ, "ನಂದು. ಅದು ನಂದು."