ಲೆಕ್ಕಕ್ಕೆ ಸಿಗದ ರೋಗಿಗಳು

ಸಹನಮಾಪಿ ಯಂತ್ರದ ಪರದೆಯ ಮೇಲೆ ಹಸಿರು ಬೆಳಕು ಮೂಡಿತು. ಸೊಲಾಂಬಾ ದೇಶ ಈ ವರ್ಷವೂ ತನ್ನ ಸಾಲದ ಕಂತನ್ನು ಪೂರ್ತಿ ಕಟ್ಟಬಲ್ಲುದು ಎಂದು ಯಂತ್ರ ತೀರ್ಪು ಕೊಟ್ಟಿತ್ತು.

ಹಣಕಾಸು ಮಂತ್ರಿ ಲುಸಿಯಾ ತೆಂಬೆಗೆ ನಂಬಲಾಗಲಿಲ್ಲ. ರಾಜಕೀಯಕ್ಕೆ ಬರುವ ಮುಂಚೆ ಆಕೆ ಇಪ್ಪತ್ತು ವರ್ಷ ನರ್ಸ್ ಆಗಿದ್ದವಳು. "ಇದು ಹೇಗೆ ಸಾಧ್ಯ?" ಎಂದು ಯಂತ್ರ ರೂಪಿಸಿದ ವಿಜ್ಞಾನಿ ವಾರಿಜಾ ಅಂಗಡಿಯನ್ನು ಕೇಳಿದಳು.

ವಾರಿಜಾ ವಿವರಿಸಿದಳು. ಬಡ ದೇಶವೊಂದರ ಮಳೆ, ಬೆಳೆ, ಪೇಟೆಯ ಧಾರಣೆ, ಆಸ್ಪತ್ರೆಗೆ ಬರುವ ರೋಗಿಗಳು, ಎಲ್ಲವನ್ನೂ ಯಂತ್ರ ದಿನದಿನವೂ ಅಳೆಯುತ್ತದೆ. ಜನರ ಬದುಕು ಕುಸಿಯದಂತೆ ಎಷ್ಟು ಕಟ್ಟಬಹುದೋ ಅದೇ 'ತಾಳಿಕೆಯ ಮಿತಿ'. ಕಂತು ಅದನ್ನು ಮೀರಿತೆಂದು ಯಂತ್ರ ಹೇಳಿದರೆ ಉಳಿದ ಸಾಲ ಮನ್ನಾ. ಸಾಲ ಕೊಟ್ಟ ದೇಶಗಳೆಲ್ಲ ಇದಕ್ಕೆ ಸಹಿ ಹಾಕಿದ್ದವು.

"ಐದು ವರ್ಷದಿಂದ ನಿಮ್ಮಲ್ಲಿ ರೋಗಿಗಳು ಕಡಿಮೆಯಾಗುತ್ತಲೇ ಇದ್ದಾರೆ, ಮಂತ್ರಿಗಳೇ."

"ಕಂತು ಕಟ್ಟಲೆಂದು ಐದು ವರ್ಷದಲ್ಲಿ ಇನ್ನೂರು ಆಸ್ಪತ್ರೆ ಮುಚ್ಚಿದ್ದೇವೆ ಡಾಕ್ಟರ್! ಬಾಗಿಲಿಗೆ ಬೀಗ ಹಾಕಿದ ಮೇಲೆ ರೋಗಿಗಳು ಎಲ್ಲಿಗೆ ಬರಬೇಕು?"

ವಾರಿಜಾ ಪರದೆಯ ಅಂಕಿಗಳನ್ನು ಮತ್ತೊಮ್ಮೆ ನೋಡಿದಳು. "ಇದು ನನಗೆ ಹೊಳೆಯಲೇ ಇಲ್ಲ. ಆದರೆ ಯಂತ್ರದ ಸೂತ್ರ ಬದಲಿಸಲು ಸಾಲ ಕೊಟ್ಟವರೆಲ್ಲರ ಒಪ್ಪಿಗೆ ಬೇಕು. ಅವರು ಕೊಡುವವರಲ್ಲ."

"ಸೂತ್ರ ಹಾಗೇ ಇರಲಿ. ಬೀಗ ತೆಗೆಯುವುದು ನನ್ನ ಕೈಯಲ್ಲಿದೆ."

ಮುಚ್ಚಿದ ಆಸ್ಪತ್ರೆಗಳನ್ನು ತೆರೆಯಲು ಲುಸಿಯಾ ಅರ್ಧ ಕಂತನ್ನು ತಡೆಹಿಡಿದಳು. ಸಾಲ ಕೊಟ್ಟವರು ಬೆದರಿಸಿದರು, ಸಂಪುಟದವರೇ ರಾಜೀನಾಮೆ ಕೇಳಿದರು. ಆಕೆ ಜಗ್ಗಲಿಲ್ಲ. ನಿವೃತ್ತ ನರ್ಸುಗಳ ಮನೆಮನೆಗೆ ಹೋಗಿ ಕರೆತಂದಳು. ಮೊದಲು ತೆರೆದ ಆಸ್ಪತ್ರೆಯಲ್ಲಿ ತಾನೇ ಚೀಟಿ ಬರೆಯಲು ಕೂತಳು. ಜನರ ಸಾಲು ಮೀನು ಮಾರುಕಟ್ಟೆಯವರೆಗೆ ಬೆಳೆಯಿತು.

"ಮೂರು ವರ್ಷದಿಂದ ಕೆಮ್ಮು, ತಾಯಿ," ಎಂದಳೊಬ್ಬ ಮುದುಕಿ. "ಯಾರೂ ಕೇಳಲೇ ಇಲ್ಲ."

ಮೂರನೆಯ ತಿಂಗಳು ಯಂತ್ರದ ಪರದೆ ಕೆಂಪಾಯಿತು, ತಾಳಿಕೆಯ ಮಿತಿ ಮೀರಿತ್ತು. ಇದು ಮೋಸವೆಂದು ಸಾಲ ಕೊಟ್ಟವರು ಸಭೆಯಲ್ಲಿ ಕೂಗಾಡಿದರು.

ವಾರಿಜಾ ಎದ್ದು ನಿಂತಳು. "ಯಂತ್ರ ಸುಳ್ಳು ಹೇಳಿದ್ದು ಹಿಂದಿನ ಐದು ವರ್ಷ. ಈಗಲ್ಲ. ಆ ತಪ್ಪು ನನ್ನದು."

ಸಹಿ ಹಾಕಿದ ಒಪ್ಪಂದದಂತೆ ಸೊಲಾಂಬಾದ ಸಾಲ ಮನ್ನಾ ಆಯಿತು.

ಮುಂದೆ ನಡೆದದ್ದನ್ನು ಮಾತ್ರ ಯಾರೂ ಊಹಿಸಿರಲಿಲ್ಲ. ಸಾಲದಲ್ಲಿ ಮುಳುಗಿದ್ದ ಉಳಿದ ಮೂವತ್ತು ದೇಶಗಳೂ ತಮ್ಮ ರೋಗಿಗಳು ಎಣಿಕೆಗೆ ಸಿಗಲೆಂದು ತರಾತುರಿಯಲ್ಲಿ ಆಸ್ಪತ್ರೆಗಳನ್ನು ತೆರೆದವು. ಆ ಸರ್ಕಾರಗಳಿಗೆ ಬೇಕಿದ್ದುದು ಬರೀ ತಲೆಯೆಣಿಕೆ. ಆದರೆ ಬಾಗಿಲಿಗೆ ಬಂದವರನ್ನು ಎಣಿಸಿ ಹಾಗೇ ಕಳಿಸಲು ನರ್ಸುಗಳಿಗೆ ಮನಸ್ಸು ಬರಲಿಲ್ಲ. ಆ ವರ್ಷ ಮೂವತ್ತು ದೇಶಗಳಲ್ಲಿ ಹೆರಿಗೆಯಲ್ಲಿ ಸಾಯುವ ತಾಯಂದಿರು ಅರ್ಧಕ್ಕರ್ಧ ಕಡಿಮೆಯಾದರು. ಹಾಗಾಗಬೇಕೆಂದು ಯಾವ ಒಪ್ಪಂದದಲ್ಲೂ ಬರೆದಿರಲಿಲ್ಲ.